ಬೆರಕೆ ಬೀಜದಲ್ಲಿ ಮೊಳೆತ ಹೆಸರರಿಯದ ಗಿಡ

ಬಿತ್ತಿದಂತೆ ಬೆಳೆ ಎಂಬುದು ಲೋಕೋಕ್ತಿ. ರಾಗಿಯನ್ನು ಬಿತ್ತಿದವನು ರಾಗಿಯನ್ನು ಕೊಯ್ಯುವನು. ಜೋಳವನ್ನು ಬಿತ್ತಿದವನು ಜೋಳವನ್ನು ಒಕ್ಕುವನು. ಇದರಲ್ಲಿ ಸಂದೇಹವೇನೂ ಇಲ್ಲ. ಆದರೆ ಬಿತ್ತಿದುದು ಏನೆಂಬುದೇ ಬಿತ್ತಿದವನಿಗೆ ತಿಳಿಯದಿದ್ದರೆ ಅವನು ಏನು ಮಾಡಬೇಕು? ಬೀಜವು ಒಂದೇ ಬಗೆಯದಾಗಿರದೆ ಹಲವು ಬಗೆಯ ಬೆರಕೆಯಾಗಿದ್ದರೆ, ಮೊಳೆತು ಬಂದುದರಲ್ಲಿ ಯಾವುದು ಬೇಕಾದುದು, ಯಾವುದು ಬೇಡವಾದುದು ಎಂಬುದನ್ನು ಹೇಗೆ ನಿರ್ಣಯಿಸಬೇಕು? ಹೂದೋಟದ ಈ ಸಣ್ಣ ಪ್ರಶ್ನೆಯಲ್ಲಿ ಗೃಹಸ್ಥನ ಬಾಳಿಗೆ ಬೇಕಾದ ವಿವೇಕವೊಂದು ಅಡಗಿದೆ.

ಮುಂಗಾರಿನ ಮಳೆ ಬಿದ್ದು ನೆಲ ಹದವಾದೊಡನೆ ಸದ್ಭಕ್ತರ ಮನೆಗಳಲ್ಲಿ ಹಿತ್ತಿಲ ಮಡಿಗಳನ್ನು ಅಗೆದು ಹೂವಿನ ಬೀಜ ಹಾಕುವುದುಂಟು. ಲಿಂಗಪೂಜೆಗೆ ಮನೆಯ ಹೂವೇ ಒದಗಲೆಂಬ ಆಸೆ ಅದರ ಮೂಲ. ಅಂಗಡಿಗಳಲ್ಲಿ ಹಲವು ಹೂಗಳ ಬೀಜ ಬೆರೆಸಿದ ಪೊಟ್ಟಣಗಳು ದೊರೆಯುತ್ತವೆ. ನೆರೆಮನೆಯವರು ಒಣಗಿದ ಹೂಗಳನ್ನು ಉದುರಿಸಿ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಬೀಜವೂ ದೊರೆಯುತ್ತದೆ. ಬೀಜ ಹಾಕಿದ ಕೆಲವು ದಿನಗಳಲ್ಲಿ ಮಡಿಯೆಲ್ಲ ಹಸುರಾಗುವುದು. ಇದು ಚೆಂಡುಹೂವಿನ ಸಸಿ, ಇದು ಜಿನ್ನಿಯ, ಇದು ಕಾಸ್ಮಾಸ್, ಇದು ಕರ್ಣಕುಂಡಲ ಎಂದು ಮನೆಯವರು ಒಂದೊಂದನ್ನೇ ಗುರುತಿಸುವರು. ಅವುಗಳ ನಡುವೆ ಮತ್ತೊಂದು ಸಸಿ ಸೊಂಪಾಗಿ ಏಳುವುದು. ಅದರ ಹೆಸರು ಯಾರಿಗೂ ತಿಳಿಯದು. ಅದು ಪೊಟ್ಟಣದೊಳಗಿನ ಬೀಜದಿಂದ ಬಂದುದೋ, ಗೊಬ್ಬರದೊಡನೆ ಬಂದುದೋ, ಗಾಳಿ ತಂದುದೋ ಎಂಬುದೂ ತಿಳಿಯದು.

ಇಂಥಲ್ಲಿ ಮನುಷ್ಯನು ಎರಡು ಬಗೆಯಾಗಿ ತಪ್ಪುವನು. ಆತುರಗಾರನು ತನಗೆ ತಿಳಿಯದುದೆಲ್ಲ ಕಳೆಯೆಂದು ಬಗೆದು ಕಿತ್ತೆಸೆಯುವನು. ಇನ್ನು ಹದಿನೈದು ದಿನ ತಾಳಿದ್ದರೆ ಅದು ಮಡಿಗೆಲ್ಲ ಶೋಭೆ ತರುವ ಹೂವಾಗುತ್ತಿತ್ತೋ ಏನೋ! ಅಲಸಗಾರನು, ಬಂದುದು ಬರಲಿ, ಹಸುರಾಗಿರುವುದೆಲ್ಲ ಚೆಲುವೇ ಎಂದು ಕೈಕಟ್ಟಿ ಕುಳಿತುಕೊಳ್ಳುವನು. ಆ ಗಿಡ ಹೂವಾಗಿ, ಬೀಜವಾಗಿ, ಬೀಜ ಉದುರಿ ಹಿತ್ತಿಲನ್ನೆಲ್ಲ ಆಕ್ರಮಿಸಿದ ಮೇಲೆ ಅವನು ಎಚ್ಚರಗೊಳ್ಳುವನು. ಮೊದಲನೆಯವನು ತನ್ನ ಅವಸರವನ್ನೇ ಶುಚಿತ್ವವೆಂದು ತಿಳಿದನು. ಎರಡನೆಯವನು ತನ್ನ ಸೋಮಾರಿತನವನ್ನೇ ಸಹನೆಯೆಂದು ತಿಳಿದನು. ಇಬ್ಬರೂ ಮಾಡದೆ ಬಿಟ್ಟ ಕೆಲಸ ಒಂದೇ. ಗಿಡವನ್ನು ಅರಿಯುವ ಕೆಲಸ.

ಅರಿಯುವುದು ಎಂದರೆ ಬರಿಯ ಕಣ್ಣಾಡಿಸುವುದಲ್ಲ. ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳ ಕೈಯನ್ನು ನೋಡಿದವರಿಗೆ ಇದರ ಅರ್ಥ ವಿದಿತವಾಗುವುದು. ಭತ್ತದ ಪೈರಿನ ನಡುವೆ ಅದನ್ನೇ ಹೋಲುವ ಕಳೆಹುಲ್ಲು ಬೆಳೆಯುವುದು. ಬಣ್ಣ, ಎತ್ತರ, ಎಲೆಯ ಉದ್ದಗಳಲ್ಲಿ ಭೇದ ಕಾಣದು. ದಾರಿಹೋಕನು ಇಡೀ ದಿನ ನೋಡಿದರೂ ಎರಡನ್ನೂ ಭತ್ತವೆಂದೇ ಹೇಳುವನು. ಆದರೆ ಎಲೆಯು ಕಾಂಡವನ್ನು ಅಪ್ಪಿಕೊಂಡಿರುವ ಸಂದಿನಲ್ಲಿ ಭತ್ತಕ್ಕೆ ತೆಳುವಾದ ಪೊರೆಯೊಂದು ನಾಲಗೆಯಂತೆ ಚಾಚಿಕೊಂಡಿರುವುದು. ಆ ಕಳೆಗೆ ಈ ಪೊರೆ ಇಲ್ಲ. ಇಷ್ಟು ಸಣ್ಣ ಗುರುತನ್ನು ಹಿಡಿದು ಕಳೆಯನ್ನು ಮಾತ್ರ ಎಳೆದು, ಪೈರನ್ನು ನಿಲ್ಲಿಸುವ ಜಾಣ್ಮೆ ಪುಸ್ತಕದಿಂದ ಬಂದುದಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಿಂತು ಮಾಡಿದ ಕಾಯಕವೇ ಆ ಕಣ್ಣನ್ನು ಕೊಟ್ಟಿತು. ಕಾಯಕದಿಂದ ಕೈಗೆ ಅನ್ನ ದೊರೆಯುವಂತೆ ಬುದ್ಧಿಗೆ ಅರಿವೂ ದೊರೆಯುವುದು.

ಹೂದೋಟದ ಅರಿಯದ ಸಸಿಯನ್ನೂ ಹೀಗೆಯೇ ಬಾಗಿ ನೋಡಬೇಕು. ಮೊದಲು ಮೂಡುವ ಎರಡು ಬೀಜದಳಗಳನ್ನು ನೋಡಿ ತೀರ್ಮಾನಿಸುವುದು ಕಷ್ಟ. ಅವು ಎಷ್ಟೋ ಗಿಡಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಗಿಡದ ನಿಜವಾದ ಎಲೆ ಅವುಗಳ ಬಳಿಕ ಬರುವುದು. ಆ ಎಲೆಗಳು ಕಾಂಡದ ಮೇಲೆ ಎರಡೆರಡಾಗಿ ಎದುರುಬದುರು ನಿಂತಿವೆಯೋ, ಒಂದಾದ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಹುಟ್ಟಿವೆಯೋ ಎಂಬುದನ್ನು ಗಮನಿಸಬೇಕು. ಜಿನ್ನಿಯದ ಎಲೆಗಳು ಎದುರುಬದುರು; ಅಂಚು ಸೀಳದೆ ಇಡಿಯಾಗಿರುವುದು, ಮುಟ್ಟಿದರೆ ಒರಟು. ಕಾಸ್ಮಾಸಿನ ಎಲೆಗಳೂ ಎದುರುಬದುರಾಗಿದ್ದು ನೂಲಿನಂತೆ ಸೀಳಿರುವುವು. ಚೆಂಡುಹೂವಿನ ಎಲೆಯನ್ನು ಹಿಸುಕಿದರೆ ಘಾಟು ವಾಸನೆ ಬರುವುದು. ಬೆಳಕಿಗೆ ಹಿಡಿದರೆ ಎಣ್ಣೆಯ ಸಣ್ಣ ಚುಕ್ಕೆಗಳು ಕಾಣುವುವು. ಕರ್ಣಕುಂಡಲದ ಕಾಂಡವು ನೀರು ತುಂಬಿದಂತೆ ಮೃದುವಾಗಿರುವುದು. ಅದರ ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲುವುದು.

ಇಷ್ಟಾದರೂ ಕೊನೆಯ ಸಾಕ್ಷಿ ಹೂವಿನದು. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರುಗಳನ್ನಿತ್ತು, ಹೂವಿನ ಕೇಸರಗಳ ಮತ್ತು ಶಲಾಕೆಗಳ ಎಣಿಕೆಯ ಮೇಲೆ ಅವುಗಳನ್ನು ವಿಂಗಡಿಸಿದನು. ಆತನ ವಿಂಗಡಣೆಯ ಸ್ಥಾನವನ್ನು ಬೇರೆ ಕ್ರಮಗಳು ಆಕ್ರಮಿಸಿವೆ. ಎರಡು ಪದಗಳ ಹೆಸರು ಮಾತ್ರ ಲೋಕದಲ್ಲೆಲ್ಲ ನಿಂತಿದೆ. ಸಸ್ಯವನ್ನು ಗುರುತಿಸುವಲ್ಲಿ ಆತನು ಬಣ್ಣವನ್ನು ನಂಬಲಿಲ್ಲ. ಒಂದೇ ಗಿಡದ ಬೀಜದಿಂದ ಕೆಂಪು, ಬಿಳಿ, ಹಳದಿ ಹೂಗಳು ಬರಬಹುದು. ಸಂಜೆಮಲ್ಲಿಗೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಬೆರಕೆ ಬೀಜದಲ್ಲಿಯಂತೂ ತಾಯಿಯ ಬಣ್ಣ ಮಗುವಿಗೆ ಬರುವುದೆಂಬ ಭರವಸೆಯಿಲ್ಲ. ಬಣ್ಣ ಬದಲಾಗುವುದು, ಒಳಗಿನ ರಚನೆ ನಿಲ್ಲುವುದು. ಮೇಲುನೋಟಕ್ಕೆ ಮರುಳಾಗದೆ ಒಳಹೊಕ್ಕು ನೋಡಿದವನಿಗೆ ಮಾತ್ರ ಗಿಡವು ತನ್ನ ಗುರುತನ್ನು ಕೊಡುವುದು.

ಹೆಸರನ್ನು ತಿಳಿದೊಡನೆ ವಸ್ತುವನ್ನು ತಿಳಿದಂತಾಯಿತೆಂಬ ಭ್ರಾಂತಿಯೂ ಬೇಡ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಮುಳ್ಳೆಲೆಯ ಗಿಡವನ್ನು ಈ ನಾಡಿನ ಹಲವೆಡೆ ದತ್ತೂರಿ ಎನ್ನುವರು. ಸಂಸ್ಕೃತದಲ್ಲಿ ಧತ್ತೂರವೆಂದರೆ ಉಮ್ಮತ್ತಿ. ತುತ್ತೂರಿಯಂತೆ ಉದ್ದನೆಯ ಹೂ ಬಿಡುವ, ಮುಳ್ಳುಕಾಯಿಯ ಗಿಡ. ಹೆಸರು ಹೆಚ್ಚುಕಡಿಮೆ ಒಂದೇ. ಆದರೆ ಒಂದು ಗಸಗಸೆಯ ಕುಟುಂಬಕ್ಕೆ ಸೇರಿದುದು, ಮತ್ತೊಂದು ಬದನೆಯ ಕುಟುಂಬಕ್ಕೆ ಸೇರಿದುದು. ಹೆಸರು ಒಂದೇ ಆದುದರಿಂದ ವಸ್ತು ಒಂದಾಗಲಿಲ್ಲ.

ಹಾಗಾದರೆ ಕುಲವನ್ನು ತಿಳಿದರೆ ಸಾಕೇ? ಅದೂ ಸಾಲದು. ಈ ಮಾತಿಗೆ ಚೆಂಡುಹೂವಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ದಸರೆ ದೀಪಾವಳಿಗಳಲ್ಲಿ ಬಾಗಿಲಿಗೆ ಕಟ್ಟುವ, ಪೂಜೆಗೆ ಏರಿಸುವ ಈ ಹೂವು ಈ ನೆಲದಲ್ಲಿ ಹುಟ್ಟಿದುದಲ್ಲ. ಮೆಕ್ಸಿಕೋ ದೇಶದ ಕಡೆಯಿಂದ ಬಂದುದು. ಜಿನ್ನಿಯ, ಕಾಸ್ಮಾಸ್‌ಗಳ ತವರೂ ಅದೇ. ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕೂಡ ಆ ಭಾಗದ್ದೇ. ಇದೂ ಚೆಂಡುಹೂವೂ ಸೂರ್ಯಕಾಂತಿಯ ಒಂದೇ ಕುಟುಂಬಕ್ಕೆ ಸೇರಿದವು. ಎರಡಕ್ಕೂ ಶಾಸ್ತ್ರೀಯ ಹೆಸರನ್ನಿತ್ತವನು ಲಿನ್ನೇಯಸನೇ, ಅದೂ 1753ರ ಅದೇ ಗ್ರಂಥದಲ್ಲಿ. ತವರು ಒಂದು, ಕುಟುಂಬ ಒಂದು, ನಾಮಕರಣದ ವರ್ಷ ಒಂದು. ಆದರೆ ಚೆಂಡುಹೂವು ಮಾಲೆಯಾಗುವುದು. ಅದರ ಬೇರು ನೆಲದೊಳಗಿನ ಜಂತುಹುಳುಗಳನ್ನು ತಗ್ಗಿಸುವುದರಿಂದ ಟೊಮೇಟೊ ಬೆಳೆಯುವ ರೈತರು ಅದನ್ನು ಸಾಲುಗಳ ನಡುವೆ ನೆಡುವರು. ಪಾರ್ಥೇನಿಯಂ ಮುಟ್ಟಿದವರಲ್ಲಿ ಹಲವರ ಚರ್ಮಕ್ಕೆ ತುರಿಕೆ ತರುವುದು. ಅದರ ಪರಾಗ ಉಸಿರಿನೊಡನೆ ಹೊಕ್ಕು ಉಬ್ಬಸವನ್ನು ಕೆರಳಿಸುವುದು. ಮೇವಿಲ್ಲದೆ ಅದನ್ನು ತಿಂದ ಹಸುವಿನ ಹಾಲು ಕಹಿಯಾಗುವುದು. ಕುಲವನ್ನು ಕೇಳಿದರೆ ಎರಡೂ ಸಮ. ನಡತೆಯನ್ನು ಕೇಳಿದರೆ ಭೇದ ಅಪಾರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ ಮೊದಲಾದವರನ್ನು ಶರಣಸಮೂಹವು ಹುಟ್ಟಿನಿಂದ ಅಳೆಯದೆ ಆಚಾರದಿಂದ ಅಳೆದುದು ಏಕೆಂಬುದು ಇದರಿಂದ ಸ್ಪಷ್ಟವಾಗುವುದು.

ಪಾರ್ಥೇನಿಯಂ ಈ ದೇಶಕ್ಕೆ ಬಂದ ಬಗೆಯೇ ಬೆರಕೆ ಬೀಜದ ಕಥೆ. 1955ರಲ್ಲಿ ಪುಣೆಯಲ್ಲಿ ಕಂಡುಬಂದ ಮೇಲೆ ಅದು ದೇಶದ ಗಮನಕ್ಕೆ ಬಂದಿತು. ಆ ಕಾಲದಲ್ಲಿ ಅಮೆರಿಕದಿಂದ ತರಿಸಿದ ಧಾನ್ಯದೊಡನೆ ಬೆರೆತು ಅದರ ಬೀಜ ಬಂದಿತೆಂಬುದು ಬಹುಮಂದಿಯ ಅಭಿಪ್ರಾಯ. ಹಸಿದವರ ಅನ್ನಕ್ಕಾಗಿ ಬಂದ ಕಾಳಿನ ನಡುವೆ ಯಾರೂ ಕಾಣದ ಬೀಜವೊಂದು ಅಡಗಿತ್ತು. ಅದು ಮೊಳೆತಾಗ ಜನರಿಗೆ ಅದರ ಹೆಸರು ತಿಳಿಯದು. ಸೀಳಿದ ಎಲೆಯನ್ನು ಕಂಡು ಸೇವಂತಿಗೆಯ ಜಾತಿಯೆಂದು ಭ್ರಮಿಸುವಂತಿತ್ತು. ಚೆನ್ನಾಗಿ ಬೆಳೆದ ಒಂದೇ ಗಿಡವು 10,000ಕ್ಕೂ ಮೀರಿ ಬೀಜ ಕೊಡಬಲ್ಲದು. ಮಣ್ಣಿನೊಳಗೆ ಹೂತ ಬೀಜ ವರ್ಷಗಟ್ಟಲೆ ಬದುಕಿರಬಲ್ಲದು. ಒಂದು ಗಿಡವನ್ನು ಗುರುತಿಸದೆ ಬಿಟ್ಟುದರ ಫಲವನ್ನು ಇಂದು ದಾರಿಯ ಬದಿ, ಬೀಳುಭೂಮಿ, ಊರ ಹೊರಗಿನ ಬಯಲುಗಳೆಲ್ಲ ತೋರಿಸುತ್ತಿವೆ.

ಆದುದರಿಂದ ಹೂಮಡಿಯಲ್ಲಿ ಇದರ ಗುರುತು ಗೃಹಸ್ಥನಿಗೆ ತಿಳಿದಿರಲೇಬೇಕು. ಎಳೆಯದಾಗಿರುವಾಗ ಇದರ ಎಲೆಗಳು ನೆಲಕ್ಕೆ ಅಂಟಿದಂತೆ ಚಕ್ರಾಕಾರವಾಗಿ ಹರಡಿರುವುವು. ಕಾಂಡ ಎದ್ದ ಮೇಲೆ ಎಲೆಗಳು ಒಂದಾದ ಮೇಲೊಂದು ಹುಟ್ಟುವುವು. ಕಾಸ್ಮಾಸಿನಂತೆ ಎದುರುಬದುರಾಗಿ ನಿಲ್ಲವು. ಕಾಂಡದ ಉದ್ದಕ್ಕೂ ಗೀರುಗಳಿರುವುವು. ಮೈಯೆಲ್ಲ ನವಿರಾದ ರೋಮ. ಕೊನೆಗಳಲ್ಲಿ ಬಿಳಿಯ ಸಣ್ಣ ಹೂಗಳು ಗೊಂಚಲಾಗಿ ಬರುವುವು. ಒಂದೊಂದಕ್ಕೂ ಐದು ಮೂಲೆ. ಮೊಳೆತ ನಾಲ್ಕರಿಂದ ಎಂಟು ವಾರಗಳೊಳಗೆ ಹೂ ಬರಬಹುದು. ಕೈಗೆ ಚೀಲ ಕಟ್ಟಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತರೆ ಕೆಲಸ ಸುಲಭ. ಬೀಜ ಬಲಿತ ಮೇಲೆ ಎಳೆದರೆ, ಕಿತ್ತವನ ಕೈಯೇ ಬಿತ್ತುವ ಕೈಯಾಗುವುದು.

ಹಾಗೆಂದು ಆ ಗಿಡವನ್ನು ಸೃಷ್ಟಿಯ ಪಾಪವೆಂದು ಶಪಿಸುವುದು ಸಲ್ಲದು. ಅದರ ತವರಿನಲ್ಲಿ ಅದನ್ನು ತಿಂದು ಮಿತಿಯಲ್ಲಿಡುವ ಕೀಟಗಳಿವೆ. ಅಂಥ ಒಂದು ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು ಪರೀಕ್ಷಿಸಿ, ಮುಂದಿನ ವರ್ಷ ಹೊರಗೆ ಬಿಟ್ಟರು. ಅದು ಪಾರ್ಥೇನಿಯಂ ಎಲೆಗಳನ್ನು ತಿಂದು ಬದುಕುವುದು. ಕಳೆಯೆಂಬುದು ಒಂದು ಜಾತಿಯಲ್ಲ. ತನ್ನ ಎಡೆಯನ್ನೂ ಅಂಕೆಯನ್ನೂ ತಪ್ಪಿದುದೇ ಕಳೆ.

ಗುರುತಿಸದೆ ಇದ್ದುದರ ಕೇಡು ಹಿತ್ತಿಲಿಗೇ ನಿಲ್ಲುವುದಿಲ್ಲ. ಮೇಲೆ ಹೇಳಿದ ದತ್ತೂರಿಯ ಬೀಜವು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಸಾಸಿವೆಯನ್ನು ಹೋಲುವುದು. ಬೆರಳಲ್ಲಿ ಹಿಡಿದು ಸೂಕ್ಷ್ಮವಾಗಿ ನೋಡಿದರೆ ಅದರ ಮೈ ಬಲೆ ಹೆಣೆದಂತೆ ಒರಟಾಗಿರುವುದು. ಸಾಸಿವೆಯ ಮೈ ಅದಕ್ಕಿಂತ ನುಣುಪು. 1998ರಲ್ಲಿ ದಿಲ್ಲಿಯಲ್ಲಿ ದತ್ತೂರಿಯ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ಅಡಿಗೆಗೆ ಬಳಸಿದವರ ಕಾಲುಗಳು ಊದಿದವು, ಉಸಿರು ಕಟ್ಟಿತು, ಹೃದಯ ಸೋತಿತು. ಅರುವತ್ತಕ್ಕಿಂತ ಹೆಚ್ಚು ಜನರು ಪ್ರಾಣವನ್ನೇ ಕಳೆದುಕೊಂಡರು. ಹೊಲದ ಬದುವಿನಲ್ಲಿ ಹಳದಿಯಾಗಿ ನಗುತ್ತಿದ್ದ ಹೂವೇ ಆ ಬೀಜದ ತಾಯಿ. ಅಡಿಗೆಯ ಮನೆಯಲ್ಲಿ ಮೊರ ಹಿಡಿದು ಕಾಳು ಆರಿಸುವ ತಾಯಂದಿರ ಕೆಲಸವನ್ನು ಸಣ್ಣದೆಂದು ಬಗೆಯುವವರು ಇದನ್ನು ನೆನೆಯಬೇಕು.

ತನಗೆ ತಿಳಿಯದಾಗ ತಿಳಿದವರನ್ನು ಕೇಳುವುದರಲ್ಲಿ ಅವಮಾನವಿಲ್ಲ. ಹೊಲದಲ್ಲಿ ದುಡಿಯುವ ಅಜ್ಜಿಯೂ ಗುರುವೇ. ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುವ ಉಪಾಧ್ಯಾಯನೂ ಗುರುವೇ. ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡುಮೇಡುಗಳಿಗೆ ಕರೆದೊಯ್ದು ಗಿಡಗಳನ್ನು ಪರಿಚಯಿಸಿದ ಬಗೆಯನ್ನು ‘ಹಸುರು ಹೊನ್ನು’ ಗ್ರಂಥದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಗಿಡದ ಬಳಿಗೆ ಹೋಗಿ, ಎಲೆಯನ್ನು ಮುಟ್ಟಿ, ಹೂವನ್ನು ಬಿಡಿಸಿ ನೋಡುವುದೇ ಆ ವಿದ್ಯೆಯ ಮಾರ್ಗ. ಈಗ ಕೈಯ ಮೊಬೈಲಿನಲ್ಲಿ ಚಿತ್ರ ತೆಗೆದರೆ ಅದೇ ಹೆಸರು ಸೂಚಿಸುವ ಅನುಕೂಲವುಂಟು. ಅದನ್ನು ಬಳಸುವುದು ತಪ್ಪಲ್ಲ. ಆದರೆ ಅದು ಕೊಡುವುದು ಒಂದು ಊಹೆ. ಎಲೆ, ಕಾಂಡ, ಹೂವುಗಳೊಡನೆ ಹೋಲಿಸಿ ನೋಡುವ ಹೊಣೆ ನೋಡುವವನದೇ. ಅದರ ಮಾತೊಂದನ್ನೇ ನಂಬಿ ಅರಿಯದ ಸೊಪ್ಪನ್ನು ಸಾರಿಗೆ ಹಾಕುವುದು, ಔಷಧವೆಂದು ಅರೆದು ಕುಡಿಯುವುದು ಅಪಾಯಕರ.

ಇನ್ನು ಹಿತ್ತಿಲಿನ ಮಡಿಯಿಂದ ಮನಸ್ಸಿನ ಮಡಿಗೆ ಬರಬೇಕು. ಮನುಷ್ಯನ ಮನಸ್ಸಿನಲ್ಲಿ ಬಿದ್ದಿರುವುದೂ ಬೆರಕೆ ಬೀಜವೇ. ಹೆತ್ತವರು ಬಿತ್ತಿದುದು, ನೆರೆಹೊರೆಯವರು ಎರಚಿದುದು, ಓದಿದುದು, ಕೇಳಿದುದು, ಕಾಲದ ಗಾಳಿ ತಂದುದು ಎಲ್ಲವೂ ಅಲ್ಲಿ ಕೂಡಿವೆ. ಒಂದು ದಿನ ಅರಿಯದ ಭಾವವೊಂದು ಮೊಳೆಯುವುದು. ಎಳೆಯದಾಗಿರುವಾಗ ಲೋಭವು ಮಿತವ್ಯಯದಂತೆಯೇ ಕಾಣುವುದು. ಅಹಂಕಾರವು ಸ್ವಾಭಿಮಾನದಂತೆಯೇ ಕಾಣುವುದು. ಭತ್ತಕ್ಕೂ ಕಳೆಗೂ ಇರುವಂತೆ ಇಲ್ಲಿಯೂ ಸಣ್ಣ ಗುರುತುಗಳುಂಟು. ಮಿತವ್ಯಯಿಯು ತನ್ನ ಬಳಕೆಯನ್ನು ತಗ್ಗಿಸುವನು; ಲೋಭಿಯು ಪರರಿಗೆ ಕೊಡುವುದನ್ನು ತಗ್ಗಿಸುವನು. ಸ್ವಾಭಿಮಾನಿಯು ಪರರಿಗೆ ಅವಮಾನವಾದಾಗಲೂ ನೋಯುವನು. ಅಹಂಕಾರಿಯು ತನಗಾದಾಗ ಮಾತ್ರ ಕೆರಳುವನು. ದಿನಕ್ಕೊಮ್ಮೆ ಬಾಗಿ ನೋಡಿದವನಿಗೆ ಈ ಭೇದ ಕಾಣದಿರದು.

ಆಯ್ದಕ್ಕಿ ಲಕ್ಕಮ್ಮನ ಕಥೆ ಭಕ್ತರೆಲ್ಲರಿಗೂ ತಿಳಿದಿದೆ. ಆಕೆಯ ಪತಿ ಮಾರಯ್ಯನು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಹೆಚ್ಚಾದುದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದಳು. ಅಂದು ತಂದ ಕಾಳಿಗೂ ಹಿಂದಿನ ದಿನ ತಂದ ಕಾಳಿಗೂ ಬಣ್ಣದಲ್ಲಿ ಭೇದವಿರಲಿಲ್ಲ, ರುಚಿಯಲ್ಲಿ ಭೇದವಿರಲಿಲ್ಲ. ಆದರೆ ಒಂದು ಅಗತ್ಯದಿಂದ ಬಂದುದು, ಇನ್ನೊಂದು ಆಸೆಯಿಂದ ಬಂದುದು. ಆಸೆ ಹೂ ಬಿಡುವ ಮೊದಲೇ, ಬೀಜವಾಗುವ ಮೊದಲೇ ಆ ಶರಣೆ ಅದನ್ನು ಗುರುತಿಸಿದಳು. ಅಕ್ಕಿಯನ್ನು ಆಯ್ದವನು ಗಂಡ. ಭಾವವನ್ನು ಆಯ್ದವಳು ಹೆಂಡತಿ.

ಇಲ್ಲಿ ಒಂದು ಎಚ್ಚರ ಅವಶ್ಯ. ಗಿಡದ ದೃಷ್ಟಾಂತವನ್ನು ಮನುಷ್ಯರ ಮೇಲೆ ಪ್ರಯೋಗಿಸಿ, ಇವನು ಕಳೆ, ಅವಳು ಕಳೆ ಎಂದು ಜನರನ್ನು ಕಿತ್ತು ಹಾಕಲು ಹೊರಡುವುದು ಘೋರ ಅಪರಾಧ. ಕೀಳುವ ಅಧಿಕಾರವು ಪ್ರತಿಯೊಬ್ಬನಿಗೂ ತನ್ನ ಮನದ ಮಡಿಯೊಳಗೆ ಮಾತ್ರ. ಮನೆಗೆ ಹೊಸದಾಗಿ ಬಂದ ಸೊಸೆಯ ನಡೆನುಡಿ ಅತ್ತೆಗೆ ಅಪರಿಚಿತವಾಗಿರಬಹುದು. ಮಗನ ಒಲವು ಮನೆತನದಲ್ಲಿ ಹಿಂದೆ ಯಾರಲ್ಲಿಯೂ ಕಾಣದ ವಿದ್ಯೆಯ ಕಡೆಗಿರಬಹುದು. ಅಪರಿಚಿತವೆಂದ ಮಾತ್ರಕ್ಕೆ ಅದು ಕೆಟ್ಟುದಲ್ಲ. ಇಂಥಲ್ಲಿ ನೀರೆರೆಯಬೇಕು, ಗಮನಿಸಬೇಕು, ಪ್ರೀತಿಯಿಂದ ಕೇಳಿ ತಿಳಿಯಬೇಕು. ಎಷ್ಟೋ ಮನೆಗಳಲ್ಲಿ ಅರಳಬೇಕಾದ ಹೂವು ಹಿರಿಯರ ಆತುರದಿಂದ ಮೊಗ್ಗಿನಲ್ಲಿಯೇ ಬಾಡಿದುದುಂಟು. ಪರರ ವಿಷಯದಲ್ಲಿ ತಾಳ್ಮೆ, ತನ್ನ ವಿಷಯದಲ್ಲಿ ಎಚ್ಚರ. ಇವೆರಡೂ ಗೃಹಸ್ಥನ ಎರಡು ಕಣ್ಣುಗಳು. ಲೋಕದ ರೂಢಿ ಇದಕ್ಕೆ ವಿರುದ್ಧ. ತನ್ನ ದೋಷ ಬೀಜವಾಗುವವರೆಗೂ ಸುಮ್ಮನಿರುವ ಮನುಷ್ಯನು ಪರರ ಗುಣವನ್ನು ಸಸಿಯಲ್ಲಿಯೇ ಚಿವುಟುವನು.

ಆದುದರಿಂದ ಸದ್ಭಕ್ತರು ತಮ್ಮ ಹಿತ್ತಿಲಿನಲ್ಲಿ ಅರಿಯದ ಸಸಿಯೊಂದನ್ನು ಕಂಡಾಗ ಅದನ್ನು ಒಡನೆಯೇ ಕೀಳದಿರಲಿ, ಮರೆತೂ ಬಿಡದಿರಲಿ. ಅದರ ಬಳಿ ಒಂದು ಕಡ್ಡಿ ನೆಟ್ಟು ಗುರುತಿಟ್ಟು, ಎಲೆ ಮೂಡಿದ ದಿನವನ್ನೂ ಮೊಗ್ಗು ಬಂದ ದಿನವನ್ನೂ ಮಕ್ಕಳ ಕೈಯಲ್ಲಿ ಬರೆಯಿಸಿಡಲಿ. ಅದು ಹಾನಿಕರವೆಂಬ ನಿಶ್ಚಯವಾದರೆ ಹೂವಿಗೆ ಮುಂಚೆ ತೆಗೆಯಲಿ. ಒಳ್ಳೆಯದೆಂದು ತಿಳಿದರೆ ಅದರ ಬೀಜವನ್ನು ಬೇರೆಯಾಗಿ ಕಟ್ಟಿ, ಹೆಸರು ಬರೆದು, ಕೇಳಿದವರಿಗೆ ಹಂಚಲಿ. ಹೀಗೆ ನೋಡಿ ಕಲಿತ ಕಣ್ಣು ಒಳಗಿನ ಮಡಿಯನ್ನೂ ನೋಡಲು ಕಲಿಯುವುದು. ಅರಿವನ್ನೇ ಗುರುವಾಗಿ ಕಂಡ ಶರಣರ ಮಾರ್ಗದಲ್ಲಿ ನಡೆಯುವ ಗೃಹಸ್ಥರೆಲ್ಲರಿಗೂ ಅಂಥ ಕಣ್ಣು ತೆರೆಯಲಿ. ಅವರ ಅಂಗಳದಲ್ಲಿಯೂ ಅಂತರಂಗದಲ್ಲಿಯೂ ಪೂಜೆಗೆ ಸಲ್ಲುವ ಹೂವೇ ಅರಳಲಿ.